ಮೂವತ್ತೆರಡು ದೊಡ್ಡದೋ, ಒಂಬತ್ತು ದೊಡ್ಡದೋ?

ಲೈಸೆನ್ಸ್ ರಿವಾಲ್ವರ್ ಇಟ್ಟುಕೊಂಡ ಸಾಹುಕಾರರ ಸುದ್ದಿ ಪೇಟೆಯಲ್ಲಿ ಎದ್ದಾಗಲೆಲ್ಲ ಒಂದು ವಾದವೂ ಏಳುತ್ತದೆ. "ಇವರದು ಮೂವತ್ತೆರಡು ಬೋರು, ಪೊಲೀಸರದು ಬರೀ ಒಂಬತ್ತು!" ಎನ್ನುವವರಿಗೆ ಲೆಕ್ಕ ತಿಳಿಯದು, ಪಾಪ.

ಇಂಚು ಬೇರೆ, ಮಿಲಿಮೀಟರು ಬೇರೆ

ಮೂವತ್ತೆರಡು ಅಂದರೆ ಇಂಚಿನ ನೂರು ಪಾಲಿನಲ್ಲಿ 32 ಪಾಲು. ಹತ್ತಿರ ಹತ್ತಿರ 8 ಮಿಲಿಮೀಟರು. ಒಂಬತ್ತು ಎಂಬುದು ಮಿಲಿಮೀಟರಿನಲ್ಲೇ ಹೇಳಿದ ಅಳತೆ. ದಪ್ಪದಲ್ಲಿ ಇರುವ ಅಂತರ ಒಂದೇ ಮಿಲಿಮೀಟರು. ಆದರೆ ಏಟಿನಲ್ಲಿ?

ಕಾನ್ಪುರದ ಸರ್ಕಾರಿ ಕಾರ್ಖಾನೆಯ 32ರ ರಿವಾಲ್ವರು ಹಾರಿಸುವ ಗುಂಡು ಆರು ಗ್ರಾಮಿಗೆ ತುಸು ಮೇಲೆ ತೂಗುತ್ತದೆ. ಸೆಕೆಂಡಿಗೆ ಸುಮಾರು 215 ಮೀಟರು ಓಡುತ್ತದೆ. ಒಂಬತ್ತರ ಗುಂಡಿನ ತೂಕ ಏಳೂವರೆ-ಎಂಟು ಗ್ರಾಂ, ಓಟ 350 ಮೀಟರು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುವುದು ಗುಂಡಿನ ಧರ್ಮ. ಹಾಗಾಗಿ ಒಂಬತ್ತರ ಶಕ್ತಿ ಮೂವತ್ತೆರಡರ ಮೂರು ಪಟ್ಟು! ಅಮೆರಿಕದವರು ಮೆಚ್ಚುವ 45ರ ಗುಂಡು 15 ಗ್ರಾಂ ತೂಗಿದರೂ ಓಟ ನಿಧಾನ. ಕೊನೆಗೆ ಶಕ್ತಿಯಲ್ಲಿ ಒಂಬತ್ತಕ್ಕೆ ಸರಿಸಮ, ಅಷ್ಟೆ.

ಮಿಯಾಮಿಯ ಪಾಠ

ಶಕ್ತಿ ಹೆಚ್ಚಾದರೆ ಎದುರಾಳಿ ಬಿದ್ದೇ ಬೀಳುತ್ತಾನೆಯೇ? 1986ರ ಏಪ್ರಿಲ್ 11ರಂದು ಅಮೆರಿಕದ ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಎಫ್‌ಬಿಐನ ಎಂಟು ಮಂದಿಗೂ ಗುಂಡಿನ ಕಾಳಗ ನಡೆಯಿತು. ಒಂಬತ್ತರ ಗುಂಡೊಂದು ದರೋಡೆಕೋರನ ತೋಳು ಸೀಳಿ ಎದೆಗೆ ಹೊಕ್ಕು, ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವನು ಬೀಳಲಿಲ್ಲ, ಮತ್ತೂ ಕಾದಾಡಿದ. ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು.

ಎಫ್‌ಬಿಐ ಬೆಚ್ಚಿತು. ದೊಡ್ಡ ಗುಂಡು ಬೇಕೆಂದು ಮೊದಲು 10 ಮಿಲಿಮೀಟರಿಗೆ, ಆಮೇಲೆ 40ಕ್ಕೆ ಹೋಯಿತು. ದೊಡ್ಡದು ಹಾರಿಸಿದರೆ ಕೈ ಜಗ್ಗುತ್ತದೆ, ಗುರಿ ತಪ್ಪುತ್ತದೆ. ಅಷ್ಟರಲ್ಲಿ ಒಂಬತ್ತರ ಗುಂಡೂ ಸುಧಾರಿಸಿತ್ತು. 2016ರಲ್ಲಿ ಎಫ್‌ಬಿಐ ಮತ್ತೆ ಒಂಬತ್ತರ ಪಿಸ್ತೂಲುಗಳಿಗೇ ಗುತ್ತಿಗೆ ಕೊಟ್ಟಿತು. ಮೂವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದಂತಾಯಿತು. ಗುಂಡು ಎಷ್ಟು ದಪ್ಪ ಎನ್ನುವುದಕ್ಕಿಂತ ಎಲ್ಲಿ ತಗುಲಿತು, ಎಷ್ಟು ಆಳ ಹೋಯಿತು ಎನ್ನುವುದೇ ಮುಖ್ಯ.

ಕಾನೂನಿನ ಗೆರೆ

"ಹಾಗಾದ್ರೆ ನಮಗೂ ಒಂಬತ್ತೇ ಕೊಡ್ಲಿ ಸ್ವಾಮಿ" ಅಂದೀರಾ? ಆಗದು. ಸೇನೆ, ಪೊಲೀಸರು ಬಳಸುವ 9 ಮಿಲಿಮೀಟರ್, 380, 45, 455ರ ತೋಟಾ ಹಾರಿಸುವ ಪಿಸ್ತೂಲು, ರಿವಾಲ್ವರುಗಳೆಲ್ಲ ನಿಷೇಧಿತ ಬೋರು. ಕೇಂದ್ರದ ವಿಶೇಷ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಜನಸಾಮಾನ್ಯರಿಗೆ ಮೂವತ್ತೆರಡು ಬಂದದ್ದೇ ಈ ಗೆರೆಯಿಂದ.

ಮೂವತ್ತೆರಡೆಂದು ಹಗುರವಾಗಿ ಕಾಣುವುದೂ ಬೇಡ. ಪ್ರಾಣ ತೆಗೆಯಲು ಅದೂ ಧಾರಾಳ ಸಾಕು. ಗುರಿ ತಪ್ಪಿದ ಗುಂಡಿಗೆ ಗಿರಾಕಿ ಯಾರು, ಕಳ್ಳ ಯಾರು ಎಂಬ ಭೇದವಿಲ್ಲ. ಮದುವೆ ದಿಬ್ಬಣದಲ್ಲಿ ಖುಷಿಗೆಂದು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು.

ಬೋರು ಯಾವುದಾದರೂ ಇರಲಿ, ಬೀರುವಿನ ಬೀಗ ಮೊದಲು ಗಟ್ಟಿಯಿರಲಿ. ಮನೆಯ ಮಕ್ಕಳಿಗೆ ಮೂವತ್ತೆರಡೂ ಒಂದೇ, ಒಂಬತ್ತೂ ಒಂದೇ.