ಕ್ಯೂ ಕೋಲಿನ ತೂಕವೂ ಸಮತೋಲವೂ



ನಮ್ಮ ಕ್ಲಬ್ಬಿನಲ್ಲಿ ಬಹುಕಾಲದಿಂದ ಪೂಲ್ ಆಡುತ್ತಿದ್ದ ಹಿರಿಯರೊಬ್ಬರು ದೀರ್ಘವಾದ ಕಾಯಿಲೆಯಿಂದೆದ್ದು ಮತ್ತೆ ಮೇಜಿನ ಬಳಿಗೆ ಬಂದರು. ಅವರ ನೋಟ ಹಿಂದಿನಂತೆಯೇ ಇತ್ತು. ಚೆಂಡನ್ನು ಎಲ್ಲಿ ತಾಕಿಸಬೇಕೆಂಬ ತಿಳಿವಳಿಕೆಯೂ ಕುಂದಿರಲಿಲ್ಲ. ಆದರೆ ಕೋಲನ್ನು ಹಿಂದಕ್ಕೆಳೆದು ಮುಂದಕ್ಕೆ ಬಿಡುವಾಗ ಬಲಗೈ ನಡುಗುತ್ತಿತ್ತು. ನಾಲ್ಕು ಸಂಜೆ ಆಡಿದರು. ಐದನೆಯ ಸಂಜೆ ಕೋಲನ್ನು ನನ್ನ ಕೈಗಿತ್ತು, "ಇದನ್ನು ನೀವೇ ಇಟ್ಟುಕೊಳ್ಳಿ ಮೇಷ್ಟ್ರೆ, ಇನ್ನು ನನ್ನಿಂದಾಗದು" ಎಂದರು. ಒಂದು ವಾರದ ಮಟ್ಟಿಗೆ ಮಾತ್ರ ಇಟ್ಟುಕೊಳ್ಳುವೆನೆಂದು ಹೇಳಿ ತಂದೆನು. ಆ ವಾರದಲ್ಲಿ ನಡೆದ ಕೆಲಸವೇ ಈ ಹೊತ್ತಿನ ಭಾಷಣದ ವಿಷಯ.

ಕೋಲಿನಲ್ಲಿ ತೂಕ ಬೇರೆ, ಸಮತೋಲ ಬೇರೆ. ನೀರಿನ ಕಾವಡಿ ಹೊರುವವನನ್ನು ನೆನೆಯಿರಿ. ಎರಡು ಕೊಡಗಳೂ ಸಮನಾಗಿದ್ದರೆ ಹೆಗಲು ದಂಡದ ನಡುವೆ ಇರುತ್ತದೆ. ಒಂದು ತುಂಬಿ ಮತ್ತೊಂದು ಅರೆಯಾದರೆ, ತುಂಬಿದ ಕೊಡದ ಕಡೆಗೆ ಹೆಗಲನ್ನು ಸರಿಸಬೇಕಾಗುತ್ತದೆ. ಹೊರೆ ಎಷ್ಟೆಂಬುದು ತೂಕ. ಹೆಗಲು ಎಲ್ಲಿರಬೇಕೆಂಬುದು ಸಮತೋಲ. ಪೂಲ್ ಕೋಲು ಸಾಧಾರಣವಾಗಿ 58 ಅಂಗುಲ ಉದ್ದವಿದ್ದು, 18ರಿಂದ 21 ಔನ್ಸು, ಎಂದರೆ ಸುಮಾರು 510ರಿಂದ 595 ಗ್ರಾಂ ತೂಗುತ್ತದೆ. ಬುಡ ದಪ್ಪ, ತುದಿ ಸಣ್ಣ. ಆದುದರಿಂದ ಸಮತೋಲದ ಬಿಂದುವು ನಟ್ಟನಡುವೆ ಇರದೆ, ಬುಡದಿಂದ 18 ಅಥವಾ 19 ಅಂಗುಲದ ಆಸುಪಾಸಿನಲ್ಲಿರುತ್ತದೆ.

ಇದನ್ನು ಕಂಡುಹಿಡಿಯಲು ಯಂತ್ರವೇನೂ ಬೇಕಾಗಿಲ್ಲ. ಕೋಲನ್ನು ಎರಡು ತೋರುಬೆರಳುಗಳ ಮೇಲೆ ಅಡ್ಡಲಾಗಿರಿಸಿ, ಬೆರಳುಗಳನ್ನು ಮೆಲ್ಲನೆ ಒಂದರ ಕಡೆಗೊಂದು ತನ್ನಿರಿ. ಹೆಚ್ಚು ಭಾರ ಬಿದ್ದ ಬೆರಳು ಘರ್ಷಣೆಯಿಂದ ನಿಲ್ಲುತ್ತದೆ. ಕಡಮೆ ಭಾರ ಹೊತ್ತದ್ದು ಸರಿಯುತ್ತದೆ. ಹೀಗೆ ಸರದಿಯಂತೆ ಸರಿದು ಅವೆರಡೂ ಕೂಡುವ ಸ್ಥಳವೇ ಸಮತೋಲದ ಬಿಂದು. ಅಲ್ಲಿ ಸೀಮೆಸುಣ್ಣದ ಗುರುತಿಟ್ಟು ಬುಡದಿಂದ ಅಳೆಯತಕ್ಕದ್ದು. ನಮ್ಮ ಹಿರಿಯರ ಕೋಲು 21 ಔನ್ಸು ತೂಗಿತು; ಬಿಂದು 17 ಅಂಗುಲದಲ್ಲಿತ್ತು. ಕೋಲು ಭಾರವಾದುದಲ್ಲದೆ, ಆ ಭಾರವೂ ಹಿಂದುಗಡೆಗೆ ಜಗ್ಗಿ, ದುರ್ಬಲವಾದ ಬಲಗೈಯ ಮೇಲೆಯೇ ಬೀಳುತ್ತಿತ್ತು.

ಈಚಿನ ಅನೇಕ ಕೋಲುಗಳಲ್ಲಿ ಬುಡದ ರಬ್ಬರಿನ ಮುಚ್ಚಳವನ್ನು ತೆಗೆದರೆ ಒಳಗೆ ಒಂದು ಕಬ್ಬಿಣದ ಬೋಲ್ಟು ಕಾಣುವುದು. ಉದ್ದನೆಯ ತಿರುಪುಳಿಯನ್ನೋ ಆರು ಮೂಲೆಯ ಕೀಲಿಯನ್ನೋ ಹಾಕಿ ಅದನ್ನು ತಿರುಗಿಸಿ ತೆಗೆದು, ಬೇರೆ ತೂಕದ್ದನ್ನು ಕೂರಿಸಬಹುದು. ತಿರುಪಿನ ಗಾತ್ರ ತಯಾರಕನಿಂದ ತಯಾರಕನಿಗೆ ಬೇರೆಯಾದುದರಿಂದ, ಹೊಸ ಬೋಲ್ಟು ಅದೇ ಕೋಲಿಗೆ ಹೊಂದುವಂಥದ್ದಾಗಿರಬೇಕು. ಸಡಿಲಬಿಟ್ಟರೆ ಪ್ರತಿ ಹೊಡೆತಕ್ಕೂ ಗಲಗಲಿಸುತ್ತದೆ. ಮಿತಿಮೀರಿ ಬಿಗಿದರೆ ಮರ ಸೀಳುತ್ತದೆ. ಬೋಲ್ಟಿಲ್ಲದ ಕೋಲುಗಳೂ ಉಂಟು; ಅವುಗಳ ಬುಡವನ್ನು ಕೊರೆದು ಸೀಸವನ್ನು ತುಂಬುವುದು ಕುಶಲಕರ್ಮಿಯ ಕೆಲಸ, ನಮ್ಮದಲ್ಲ.

ನಾವು 3 ಔನ್ಸಿನ ಬೋಲ್ಟನ್ನು ತೆಗೆದು 1 ಔನ್ಸಿನದನ್ನು ಹಾಕಿದೆವು. ಲೆಕ್ಕ ಸುಲಭವಾದುದು. 21ನ್ನು 17ರಿಂದ ಗುಣಿಸಿದರೆ 357. ಕಳೆದ 2 ಔನ್ಸು ಬುಡದಿಂದ ಸುಮಾರು 2 ಅಂಗುಲದಲ್ಲಿದ್ದುದರಿಂದ ಅದರ ಪಾಲು 4. ಉಳಿದ 353ನ್ನು ಹೊಸ ತೂಕವಾದ 19ರಿಂದ ಭಾಗಿಸಿದರೆ ಹದಿನೆಂಟೂವರೆಯಷ್ಟಾಗುತ್ತದೆ. ತೆಗೆದದ್ದು ಎರಡೇ ಔನ್ಸಾದರೂ ಬಿಂದು ಒಂದೂವರೆ ಅಂಗುಲ ಮುಂದಕ್ಕೆ ಸರಿಯಿತು! ಬಿಂದು ಸರಿದ ಮೇಲೆ ಹಿಡಿಯುವ ಕೈಯೂ ಸ್ವಲ್ಪ ಮುಂದಕ್ಕೆ ಸರಿಯಬೇಕೆಂಬುದನ್ನು ಮರೆಯಬಾರದು.

ತೂಕ ಕಡಮೆಯಾದರೆ ಹೊಡೆತದ ಬಲ ಕುಗ್ಗದೇ ಎಂದು ಕೇಳುವಿರಿ. ಪೂಲ್ ಚೆಂಡಿನ ತೂಕ ಸುಮಾರು 6 ಔನ್ಸು. ಒಂದೇ ವೇಗದಿಂದ ಹೊಡೆದಾಗ 21 ಔನ್ಸಿನ ಕೋಲು 19 ಔನ್ಸಿನದಕ್ಕಿಂತ ಚೆಂಡಿಗೆ ಹೆಚ್ಚಾಗಿ ಕೊಡುವ ವೇಗ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಹಗುರವಾದ ಕೋಲನ್ನು ತೋಳು ಅಷ್ಟೇ ಸುಲಭವಾಗಿ ಹೆಚ್ಚು ವೇಗದಿಂದ ಬೀಸಬಲ್ಲುದು. ಆ ಎರಡು ಪಾಲೂ ಅಲ್ಲಿಗೆ ಸರಿಹೋಗುತ್ತದೆ. ಇದನ್ನರಿಯದೆ ನಾನು ಪ್ರಾಯದಲ್ಲಿ ಆರಂಭದ ಹೊಡೆತಕ್ಕೆ ಬಲ ಬರಲೆಂದು ಭಾರದ ಮೇಲೆ ಭಾರ ಸೇರಿಸಿ, ಒಂದೇ ತಿಂಗಳಲ್ಲಿ ಮೂರು ಬೋಲ್ಟುಗಳನ್ನು ಬದಲಾಯಿಸಿದೆನು. ಬಲ ಬರಲಿಲ್ಲ, ಇದ್ದ ಗುರಿಯೂ ಹೋಯಿತು. ತಪ್ಪು ನನ್ನ ಮೊಣಕೈಯಲ್ಲಿತ್ತು.

ಸಮತೋಲವನ್ನು ಮುಂದಕ್ಕೆ ತರಲು ತುದಿಯ ಕಡೆ ಭಾರ ಸೇರಿಸಿದರಾಗದೇ ಎಂದು ಕೆಲವರು ಯೋಚಿಸುವರು. ಇದು ಕೂಡದು. ಚೆಂಡಿನ ಪಕ್ಕಕ್ಕೆ ಹೊಡೆದು ತಿರುಗು ಕೊಡುವಾಗ ಅದು ನಾವು ನೋಡಿದ ಗೆರೆಯಿಂದ ಕೊಂಚ ಎದುರು ಮಗ್ಗುಲಿಗೆ ಓಸರಿಸುತ್ತದೆ. ಕೋಲಿನ ತುದಿಯ ಕೆಲವು ಅಂಗುಲ ಭಾರವಾದಷ್ಟೂ ಈ ಓಸರಿಕೆ ಹೆಚ್ಚು. ಆದುದರಿಂದ ಹಿಂದಿನ ಭಾರವನ್ನು ಇಳಿಸುವುದೇ ಮೇಲು.

ಪ್ರಯೋಗ ಮಾಡುವವರಿಗೆ ಎರಡು ಮಾತು. ಒಂದು ಸಲಕ್ಕೆ ಒಂದನ್ನೇ, ಒಂದು ಔನ್ಸಿನೊಳಗೆ ಬದಲಾಯಿಸಿ, ಎರಡು ವಾರವಾದರೂ ಆಡಿ ನೋಡಿರಿ. ರೋಗಿಯ ಕೈಯನ್ನು ಕಂಡು ನಾವು ಎರಡು ಔನ್ಸನ್ನು ಒಮ್ಮೆಗೇ ಇಳಿಸಿದೆವು. ಅದು ಎಲ್ಲರಿಗೂ ಹೇಳುವ ಮಾತಲ್ಲ. ಅಂತರರಾಷ್ಟ್ರೀಯ ಪೂಲ್ ನಿಯಮದಂತೆ ಕೋಲು 40 ಅಂಗುಲಕ್ಕೆ ಕಡಮೆಯಿರಬಾರದು, 25 ಔನ್ಸಿಗೆ ಮೀರಬಾರದು. ಇದರೊಳಗೆ ನಿಮ್ಮ ಕೈ ಒಪ್ಪಿದ್ದೇ ಸರಿ.

ವಾರ ಕಳೆದು ಕೋಲನ್ನು ಹಿಂದಕ್ಕೆ ಕೊಟ್ಟಾಗ ಹಿರಿಯರು ಅದನ್ನು ಮೂರು ನಾಲ್ಕು ಸಲ ಹಿಂದೆ ಮುಂದೆ ಆಡಿಸಿ, ಮಾತಾಡದೆ ಮೇಜಿನ ಮೇಲೆ ಬಾಗಿದರು. ಮೊದಲನೆಯ ಚೆಂಡು ತಪ್ಪಿತು. ಎರಡನೆಯದು ಮೂಲೆಯ ಚೀಲಕ್ಕೆ ಬಿತ್ತು. ಹಿಂದಿನ ಬಿರುಸು ಅವರಿಗೆ ಬಂದಿಲ್ಲ, ಬರಲಾರದು. ಆದರೆ ಶನಿವಾರ ಸಂಜೆ ಅವರ ಕುರ್ಚಿ ಬರಿದಾಗಿರುವುದಿಲ್ಲ. ಕೋಲನ್ನು ಮತ್ತೆ ನನಗೆ ಕೊಡುವ ಮಾತನ್ನೂ ಅವರೆತ್ತಿಲ್ಲ.