ಎಡಗೈ ಮೊಮ್ಮಗಳಿಗೆ ಯಾವ ಗಿಟಾರ್?

ದಾಂಡೇಲಿಯ ನಮ್ಮ ಮನೆಯಲ್ಲಿ ಈಗ ಒಂದೇ ಮಾತು: ಎಲೆಕ್ಟ್ರಿಕ್ ಗಿಟಾರ್. ಎಂಟನೇ ತರಗತಿಯ ಮೊಮ್ಮಗಳಿಗೆ ‘ಸರ್ಫ್ ಸಂಗೀತ’ದ ಹುಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ, ಹಲಗೆಯ ಮೇಲೆ ನಿಂತು ಅಲೆ ಏರುವವರ ನಡುವೆ 1960ರ ದಶಕದ ಆರಂಭದಲ್ಲಿ ಬೆಳೆದ ಸಂಗೀತವಿದು. ಗಣೇಶಗುಡಿಯಲ್ಲಿ ಕಾಳಿ ನದಿಯ ರಭಸ ನೋಡಿದ ಮಕ್ಕಳಿಗೆ ಇದರ ಓಟ ಬೇಗ ಹಿಡಿಸುತ್ತದೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು. ಪಿಂಚಣಿ ಹಣ ಬಿಚ್ಚುವ ಮೊದಲು ವಿಚಾರಿಸಿದೆ. ಇದಕ್ಕೆ ಹೆಸರಾದವು ಫೆಂಡರ್ ಕಂಪನಿಯ 1954ರ ಸ್ಟ್ರಾಟೋಕಾಸ್ಟರ್, 1958ರ ಜಾಝ್‌ಮಾಸ್ಟರ್, 1962ರ ಜಾಗ್ವಾರ್. ಮೂರರಲ್ಲೂ ತಂತಿಯ ಕಂಪನ ಹಿಡಿಯುವುದು ಒಂಟಿ ಸುರುಳಿಯ ಪಿಕಪ್. ಸ್ವರ ಗಂಟೆಯಷ್ಟು ಸ್ಪಷ್ಟ. ಜಾಗ್ವಾರ್‌ನಲ್ಲಿ ತಂತಿ ಮಿಡಿಯುವ ಉದ್ದ 24 ಇಂಚು, ಉಳಿದೆರಡರಲ್ಲಿ 25.5. ಎಳೆಯ ಬೆರಳಿಗೆ ಚಿಕ್ಕದೇ ಸಲೀಸು. ಆದರೆ ನೀರೊಳಗಿಂದ ಬಂದಂತಹ ಆ ಮೊಳಗು ಗಿಟಾರಿನದಲ್ಲ. ಆಂಪ್ಲಿಫೈಯರ್ ಜೊತೆಗಿನ ‘ರಿವರ್ಬ್’ ಪೆಟ್ಟಿಗೆಯ ಸ್ಪ್ರಿಂಗುಗಳದು. ಅದಕ್ಕೂ ಹಣ ಎತ್ತಿಡಬೇಕು.

ಮೊಮ್ಮಗಳು ಎಡಚಿ. “ಬಲಗೈಲೇ ಕಲೀಲಿ ಬಿಡ್ರಿ, ಗಿಟಾರ್ ಸುಲಭಕ್ಕೆ ಸಿಗ್ತಾವ” ಎಂದಳು ನನ್ನ ಹೆಂಡತಿ. ಮಾತಿನಲ್ಲಿ ಹುರುಳಿದೆ, ಎಡಗೈಯವರ ಗಿಟಾರುಗಳು ಅಂಗಡಿಯಲ್ಲಿ ಕಡಿಮೆ. ಆದರೆ ‘ಸರ್ಫ್ ಗಿಟಾರಿನ ರಾಜ’ ಎನಿಸಿದ ಡಿಕ್ ಡೇಲ್ ಕೂಡ ಎಡಚರೇ. ತಂತಿಗಳ ಕ್ರಮ ತಲೆಕೆಳಗಾದ ಗಿಟಾರನ್ನೇ ಎಡಗೈಲಿ ನುಡಿಸುತ್ತ, ‘ಮಿಸಿರ್ಲೂ’ ಎಂಬ ಹಳೆಯ ಧಾಟಿಯನ್ನು 1962ರಲ್ಲಿ ಹೊಸದಾಗಿ ಕೇಳಿಸಿದರು.

ಅಜ್ಜ ಅಜ್ಜಿಯರೇ, ಹೆಸರು ನೋಡಿ ಕೊಳ್ಳಬೇಡಿ. ಮಗುವನ್ನು ಅಂಗಡಿಗೆ ಕರೆದೊಯ್ದು ಕೈಗೆ ಕೊಡಿ. ತೂಕ, ಹಿಡಿತ ಅದೇ ಹೇಳಲಿ. ನಾವು ಎಡಗೈ ಗಿಟಾರನ್ನೇ ತರಿಸುತ್ತಿದ್ದೇವೆ. ತಡವಾದರೂ ಚಿಂತೆಯಿಲ್ಲ ಎಂದು ಅಜ್ಜಿಯೂ ಒಪ್ಪಿದ್ದಾಳೆ.