ಜೊನ್ನವಕ್ಕಿಗೆ ಎಸರಿಟ್ಟ ಸಂಜೆ

‘ಜೊನ್ನವಕ್ಕಿ’ ಎಂದು ನಾನು ಓದಿ ಹೇಳಿದ ಕೂಡಲೇ ಬಳ್ಳಾರಿಯ ಮಾವನ ಮುಖ ಅರಳಿತು. ತೆಲುಗಿನ ನೆರೆಯಲ್ಲಿ ಬೆಳೆದ ಅವರಿಗೆ ಜೊನ್ನ ಎಂದರೆ ಜೋಳ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಚೀಟಿಯ ಮೇಲೆ ಬಾಗಿದರು. ಮಂಗಳೂರಿನ ಅತ್ತಿಗೆ ಪೆನ್ನು ಕಚ್ಚುತ್ತ ಸೂರು ನೋಡಿದರು. ಪಿಯುಸಿ ಓದುವ ಅಣ್ಣನ ಮಗಳು ಪುಟ್ಟಿ ಮಾತ್ರ ಯಾರತ್ತಲೂ ನೋಡದೆ ಸರಸರನೆ ಏನೋ ಗೀಚಿ ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿ ಕೊಟ್ಟಳು.

ನನ್ನ ತೊಡೆಯ ಮೇಲಿದ್ದದ್ದು ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಒಂದು ಸಂಪುಟ. ಮಗು ಕೂತಷ್ಟೇ ಭಾರ. ಆಟ ಇಷ್ಟೆ: ಒಬ್ಬರು ನಿಘಂಟು ಹಿಡಿದು ಯಾರಿಗೂ ಗೊತ್ತಿಲ್ಲದ ಒಂದು ಪದ ಆರಿಸಬೇಕು. ಉಳಿದವರು ಆ ಪದಕ್ಕೆ ನಂಬುವಂಥ ಸುಳ್ಳರ್ಥ ಕಟ್ಟಿ ಚೀಟಿಯಲ್ಲಿ ಬರೆಯಬೇಕು. ನಿಘಂಟು ಹಿಡಿದವರು ನಿಜವಾದ ಅರ್ಥವನ್ನೂ ಒಂದು ಚೀಟಿಯಲ್ಲಿ ಬರೆದು ಎಲ್ಲವನ್ನೂ ಕಲಸಿ, ನಗದೆ, ಒಂದೇ ದನಿಯಲ್ಲಿ ಓದಬೇಕು. ಯಾವುದು ನಿಜ ಎಂದು ಪ್ರತಿಯೊಬ್ಬರೂ ಊಹಿಸಬೇಕು. ನಿಜ ಹಿಡಿದವರಿಗೆ 2 ಅಂಕ. ನಿಮ್ಮ ಸುಳ್ಳಿಗೆ ಬಿದ್ದ ಒಬ್ಬೊಬ್ಬರಿಗೂ ನಿಮಗೆ 1 ಅಂಕ. ನಿಜ ಯಾರಿಗೂ ಹೊಳೆಯದಿದ್ದರೆ ನಿಘಂಟು ಹಿಡಿದವರಿಗೆ 3. ಕೋಶ ಎಂದರೆ ಬೊಕ್ಕಸವೂ ಹೌದು, ನಿಘಂಟೂ ಹೌದು. ಹಾಗಾಗಿ ನಮ್ಮಲ್ಲಿ ನಿಘಂಟು ಹಿಡಿದವರಿಗೆ ‘ಖಜಾಂಚಿ’ ಎನ್ನುತ್ತೇವೆ.

ಆ ದಿನದ ಖಜಾಂಚಿ ನಾನು. ಐದು ಚೀಟಿ ಓದಿದೆ.

ಒಂದು: ಜೋಳವನ್ನು ಅಕ್ಕಿಯ ಗಾತ್ರಕ್ಕೆ ಒಡೆದು ಮಾಡಿದ ನುಚ್ಚು. ಎರಡು: ಮದುವಣಗಿತ್ತಿಯ ಮಡಿಲಿಗೆ ತುಂಬುವ, ಅರಿಶಿನ ಹಚ್ಚಿದ ಅಕ್ಕಿ. ಮೂರು: ಬೆಳದಿಂಗಳನ್ನು ಕುಡಿದು ಬದುಕುವ ಹಕ್ಕಿ. ನಾಲ್ಕು: ಗದ್ದೆಯ ಅಂಚಿನಲ್ಲಿ ತಾನಾಗಿ ಬೆಳೆಯುವ ಕಾಡುಬತ್ತ. ಐದು: ಕೊಯ್ಲಿನ ನಂತರ ದೇವಸ್ಥಾನಕ್ಕೆ ಸಲ್ಲಿಸಬೇಕಿದ್ದ ಒಂದು ತೆರಿಗೆ.

ಮೂರನೆಯದನ್ನು ಓದಿದಾಗ ಚಿಕ್ಕಮ್ಮ ನಕ್ಕೇಬಿಟ್ಟರು. “ಬೆಳದಿಂಗಳು ಕುಡಿಯೋ ಹಕ್ಕಿಯಂತೆ! ಇದು ಪುಟ್ಟಿದೇ ಕಿತಾಪತಿ. ಕವಿತೆ ಬರೆಯೋಕೆ ಹೊರಟಿದ್ದಾಳೆ.” ಪುಟ್ಟಿ ಮುಖ ಕೆಂಪು ಮಾಡಿಕೊಂಡು ಸುಮ್ಮನಾದಳು. ಮೂವರು ಹಿರಿಯರೂ ಒಂದೇ ಬಾಯಲ್ಲಿ ತೆರಿಗೆಯೇ ನಿಜ ಎಂದರು. ಪುಟ್ಟಿ ಮಾವನ ನುಚ್ಚನ್ನು ನಂಬಿದಳು. ತೆರಿಗೆಯನ್ನು ಹುಟ್ಟಿಸಿದವಳು ಪುಟ್ಟಿ. ಅವಳಿಗೆ 3 ಅಂಕ. ಹಕ್ಕಿಗೆ ಒಂದು ಮತವೂ ಬೀಳಲಿಲ್ಲ. ನಿಜವಾದ ಅರ್ಥ ಅದೇ: ಜೊನ್ನವಕ್ಕಿ ಎಂದರೆ ಚಕೋರ.

ಎಲ್ಲಿ ಎಡವಿದೆವು?

ಹಳಗನ್ನಡದಲ್ಲಿ ಜೊನ್ನ ಎಂದರೆ ಬೆಳದಿಂಗಳು. ನಮ್ಮ ಇಂದಿನ ಹಕ್ಕಿ ಅಂದು ‘ಪಕ್ಕಿ’. ಎರಡೂ ಸೇರುವಾಗ ಪಕಾರ ವಕಾರವಾಯಿತು: ಜೊನ್ನ, ಪಕ್ಕಿ, ಜೊನ್ನವಕ್ಕಿ. ಶಾಲೆಯಲ್ಲಿ ಆದೇಶಸಂಧಿ ಎಂದು ಉರು ಹೊಡೆದದ್ದು ಇದನ್ನೇ. ಆದರೆ ಅನ್ನ ತಿನ್ನುವ ಬಾಯಿಗೆ ‘ಅಕ್ಕಿ’ ಕೇಳಿಸಿದ ಮೇಲೆ ವ್ಯಾಕರಣ ಯಾರಿಗೆ ನೆನಪಿರುತ್ತದೆ? ನಾಲ್ವರೂ ಎಸರಿಟ್ಟು ಕೂತರು. ಹಕ್ಕಿ ಹಾರಿಹೋಯಿತು.

ಹಳಗನ್ನಡದ ಪದಗಳು ಈ ಆಟಕ್ಕೆ ಹೇಳಿಮಾಡಿಸಿದಂತಿವೆ. ಅವು ಪೂರ್ತಿ ಅಪರಿಚಿತವಲ್ಲ. ಎಲ್ಲೋ ನೋಡಿದ ಮುಖದ ಹಾಗೆ ಕಾಡುತ್ತವೆ, ಹೆಸರು ಮಾತ್ರ ತಪ್ಪಾಗಿ ಹೊಳೆಯುತ್ತದೆ. ‘ಕೊಡಗೂಸು’ ಎಂದರೆ ಕೊಡಗಿನ ಕೂಸೇ ಎಂದು ಒಬ್ಬರಾದರೂ ಬರೆಯುತ್ತಾರೆ. ಅದು ಮದುವೆಯಾಗದ ಎಳೆಯ ಹುಡುಗಿ ಎಂಬುದು ಕೋಳೂರು ಕೊಡಗೂಸಿನ ಕಥೆ ಕೇಳಿದವರಿಗಷ್ಟೇ ಗೊತ್ತು. ‘ಗೊಜ್ಜಗೆ’ಗೆ ಹುಣಿಸೆಹಣ್ಣು, ಬೆಲ್ಲ ಬೀಳದೆ ಇರುವುದಿಲ್ಲ, ಅದು ಒಂದು ಹೂವು. ‘ನೆತ್ತ’ ಎಂದರೆ ನೆತ್ತರಿಗೇನೋ ಸಂಬಂಧ ಎಂದುಕೊಂಡರೆ ಕೆಟ್ಟಿರಿ, ಅದು ಪಗಡೆಯಾಟ. ‘ಎಲರುಣಿ’ಯ ಗುಟ್ಟು ಇನ್ನೂ ಸೊಗಸು. ಎಲರು ಎಂದರೆ ಗಾಳಿ. ಗಾಳಿಯನ್ನು ಉಣ್ಣುವುದು ಎಲರುಣಿ, ಅಂದರೆ ಹಾವು. ಸಂಸ್ಕೃತದವರು ಪವನಾಶನ ಎಂದದ್ದನ್ನು ಕನ್ನಡದವರು ತಮ್ಮದೇ ಮಾತಿನಲ್ಲಿ ಹೇಳಿಕೊಂಡರು. ಸಂಸ್ಕೃತದ ತತ್ಸಮಗಳನ್ನು ಬದಿಗಿಟ್ಟು ‘ಕಬ್ಬಿಗರ ಕಾವ’ ಬರೆದ ಆಂಡಯ್ಯನಂಥ ಕವಿಯ ಕಾವ್ಯ ಖಜಾಂಚಿಗೆ ಚಿನ್ನದ ಗಣಿ.

ಒಂದೇ ಒಂದು ಕಟ್ಟಳೆ: ಪದ ಗೊತ್ತಿದ್ದವರು ಮೊದಲೇ ಬಾಯಿಬಿಟ್ಟು ಹೇಳಿ ಹೊರಗುಳಿಯಬೇಕು. ಕನ್ನಡದಲ್ಲಿ ಇದು ಸಣ್ಣ ಮಾತಲ್ಲ. ಒಂದು ಊರಿನ ಅಪರೂಪದ ಪದ ಇನ್ನೊಂದು ಊರಿನ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ನಮ್ಮ ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಬಿಸಿಲಿನಲ್ಲಿ ತಿರುಗಿ ಬಂದು “ಒಂದು ಬೊಂಡ ಕುಡಿಯಬೇಕಿತ್ತು” ಎಂದಾಗ ಎಲ್ಲರೂ ಅವರ ಮುಖ ನೋಡಿದ್ದೆವು. ನಮ್ಮ ಬೊಂಡ ಎಣ್ಣೆಯಲ್ಲಿ ಕರಿದದ್ದು, ಅವರದು ಎಳನೀರು.

ನಿಘಂಟಿನ ದನಿಯಲ್ಲಿ ಸುಳ್ಳು

ಈ ಆಟದಲ್ಲಿ ಗೆಲ್ಲಲು ಪಾಂಡಿತ್ಯ ಬೇಡ, ಕಿವಿ ಬೇಕು. ನಿಘಂಟಿಗೆ ತನ್ನದೇ ಒಂದು ದನಿಯಿದೆ. ಅದು ಬಣ್ಣಿಸುವುದಿಲ್ಲ, ಬೇಡುವುದಿಲ್ಲ, ನಗಿಸುವುದಿಲ್ಲ. ‘ಒಂದು ಬಗೆಯ ಗಿಡ’ ಎಂದು ಹೇಳಿ ಎದ್ದುಹೋಗುತ್ತದೆ. ಹೊಸಬರು ಸುಳ್ಳನ್ನು ಸಿಂಗರಿಸುತ್ತಾರೆ: ಯಾವ ಊರು, ಯಾವ ಹಬ್ಬ, ಯಾರು ಯಾರಿಗೆ ಕೊಡುತ್ತಾರೆ ಎಂದೆಲ್ಲ ಬರೆಯುತ್ತಾರೆ. ಸಿಕ್ಕಿಬೀಳುವುದು ಅಲ್ಲೇ. ಪುಟ್ಟಿಯ ತೆರಿಗೆ ಗೆದ್ದದ್ದು ಅದು ಒಣಕಲಾಗಿತ್ತು ಎಂಬ ಕಾರಣಕ್ಕೆ. ಪದದ ಸದ್ದಿನಲ್ಲಿ ಅಕ್ಕಿ ಕಂಡರೂ ಅದನ್ನು ಅನ್ನಕ್ಕೆ ಹಚ್ಚದೆ ಲೆಕ್ಕದ ಪುಸ್ತಕಕ್ಕೆ ಸೇರಿಸಿದಳಲ್ಲ, ಅದೇ ಜಾಣತನ.

ಈ ಆಟ ಹೊರದೇಶಗಳಲ್ಲೂ ಹಳೆಯದು. ಇಂಗ್ಲಿಷ್ ಮನೆಗಳಲ್ಲಿ ‘ಡಿಕ್ಷನರಿ’, ‘ಫಿಕ್ಷನರಿ’ ಎಂಬ ಹೆಸರುಗಳಲ್ಲಿ ಇದನ್ನು ಆಡುತ್ತ ಬಂದಿದ್ದಾರೆ. ಬಿಬಿಸಿ 1965ರಲ್ಲಿ ‘ಕಾಲ್ ಮೈ ಬ್ಲಫ್’ ಎಂದು ಟೀವಿಗೆ ತಂದಿತು. ಒಂದೊಂದು ಪದಕ್ಕೂ ಮೂವರು ಮೂರು ಅರ್ಥ ಹೇಳುವುದು, ಎದುರು ತಂಡ ನಿಜವನ್ನು ಆರಿಸುವುದು. 1984ರಲ್ಲಿ ಕೆನಡಾದ ಲಾರಾ ರಾಬಿನ್ಸನ್ ಮತ್ತು ಪಾಲ್ ಟೋಯ್ನ್ ಇದನ್ನೇ ‘ಬಾಲ್ಡರ್‌ಡ್ಯಾಶ್’ ಎಂಬ ಡಬ್ಬಿಯಾಟವಾಗಿಸಿದರು.

ತಮಾಷೆಯೆಂದರೆ, ನಿಘಂಟುಗಳೇ ಒಮ್ಮೊಮ್ಮೆ ಈ ಆಟಕ್ಕಿಳಿದಿವೆ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡೋರ್ಡ್’ ಎಂಬ ಪದವಿತ್ತು, ಅರ್ಥ, ಸಾಂದ್ರತೆ. ಅಸಲಿಗೆ ಅದು ಪದವೇ ಅಲ್ಲ. ಸಾಂದ್ರತೆಗೆ ‘ದೊಡ್ಡ ಡಿ ಅಥವಾ ಚಿಕ್ಕ ಡಿ’ ಎಂಬ ಸಂಕ್ಷೇಪ ಬಳಸಬಹುದು ಎಂದು ಬರೆದಿಟ್ಟ ಚೀಟಿಯನ್ನು ಯಾರೋ ಒಂದೇ ಪದವಾಗಿ ಓದಿಬಿಟ್ಟಿದ್ದರು. ಐದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನು ಕೆಲವರು ಬೇಕೆಂದೇ ಸುಳ್ಳು ಹೂತಿಟ್ಟರು, ನಕಲು ಹೊಡೆಯುವವರನ್ನು ಹಿಡಿಯಲು. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನಲ್ಲಿ ‘ಎಸ್ಕ್ವಿವೇಲಿಯನ್ಸ್’ ಎಂಬ ಹುಸಿಪದ ಸೇರಿತ್ತು. ಅದಕ್ಕೆ ಕೊಟ್ಟ ಅರ್ಥ, ತನ್ನ ಕರ್ತವ್ಯದಿಂದ ಬೇಕೆಂದೇ ನುಣುಚಿಕೊಳ್ಳುವುದು. ಪದ ಸುಳ್ಳಾದರೂ ಅರ್ಥ ಎಲ್ಲ ಕಚೇರಿಗಳಲ್ಲೂ ಕಾಣಸಿಗುತ್ತದೆ.

ನಮ್ಮಲ್ಲೂ ಸುಳ್ಳರ್ಥಕ್ಕೆ ಒಂದು ಪೂರ್ತಿ ಪುಸ್ತಕವೇ ಇದೆ: ನಾ. ಕಸ್ತೂರಿಯವರ ‘ಅನರ್ಥಕೋಶ’. ಮನೆಮಾತು ಮಲಯಾಳಂ, ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರು, ಬರೆದದ್ದು ಕನ್ನಡದ ಹಾಸ್ಯ. ಅವರ ಆಟದ ದಾರಿ ಬೇರೆ. ನಾವು ಗೊತ್ತಿಲ್ಲದ ಪದಕ್ಕೆ ನಂಬುವಂಥ ಸುಳ್ಳು ಹುಡುಕುತ್ತೇವೆ. ಅವರು ಎಲ್ಲರಿಗೂ ಗೊತ್ತಿರುವ ಪದವನ್ನು ಎಲ್ಲೋ ಸೀಳಿ, ಯಾರೂ ನಂಬದ ಅರ್ಥ ಹೊರಡಿಸಿ ನಗಿಸುತ್ತಾರೆ. ಕನ್ನಡ ಪದ ಸಂಧಿ ಬಿಡಿಸಿದಲ್ಲೆಲ್ಲ ಬಾಯಿ ತೆರೆಯುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ.

ನಿಜಕ್ಕೆ ಏನು ಆಧಾರ?

ಆಟ ಮುಗಿದ ಮೇಲೆ ಪುಟ್ಟಿ ಒಂದು ಪ್ರಶ್ನೆ ಕೇಳಿದಳು. “ನಾನೂ ಒಂದು ಅರ್ಥ ಬರೆದೆ, ಈ ಪುಸ್ತಕದವರೂ ಒಂದು ಅರ್ಥ ಬರೆದಿದ್ದಾರೆ. ಅವರದೇ ನಿಜ ಅಂತ ಹ್ಯಾಗೆ?” ನಾನು ನಿಘಂಟನ್ನು ಅವಳ ಕಡೆ ತಿರುಗಿಸಿ ಒಂದು ಪುಟದ ಸಣ್ಣಕ್ಷರ ತೋರಿಸಿದೆ. ಅರ್ಥದ ಕೆಳಗೆ ಪ್ರಯೋಗಗಳ ಸಾಲು: ಯಾವ ಕವಿ ಯಾವ ಕಾವ್ಯದಲ್ಲಿ ಬಳಸಿದ, ಯಾವ ಶಾಸನದಲ್ಲಿ ಬಂತು. ಅದೇ ಸಾಕ್ಷಿ.

ಈ ಸಾಕ್ಷಿ ಕಲೆಹಾಕಲು ಎಷ್ಟು ಜನರ ಆಯುಷ್ಯ ಸವೆದಿದೆ ಎಂದು ಅವಳಿಗೆ ಹೇಳಿದೆ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಬಂದಾಗ ಇಪ್ಪತ್ತೊಂದರ ತರುಣ, ಪುಸ್ತಕ ಹೊರಬಂದಾಗ ಅರವತ್ತು ದಾಟಿದ ಮುದುಕ. ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂತು. ಎಂಟನೆಯದು, ಕೊನೆಯದು, 1995ರಲ್ಲಿ. ಆ ಕೆಲಸಕ್ಕೆ ಬೆನ್ನೆಲುಬಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆಲ್ಲ ಉತ್ತರಿಸುತ್ತ ಬಂದವರೂ ಅವರೇ.

ಪುಟ್ಟಿಗೆ ನಾನು ಬೆಂಗಳೂರಿನ ಕಥೆಯನ್ನೂ ಹೇಳಿದೆ. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂದು ನಾವೆಲ್ಲ ಕೇಳಿಕೊಂಡು ಬೆಳೆದವರು. ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ, ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗದ ಮಾತು ಹೇಳುತ್ತದೆ. ಕಾಳು ಬೇಯುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು! ಆದರೂ ಅಜ್ಜಿಯ ಚೀಟಿಗೇ ಇವತ್ತಿಗೂ ಹೆಚ್ಚು ಮತ. ಅದು ಅಷ್ಟು ಚೆನ್ನಾಗಿ ಕಟ್ಟಿದ ಸುಳ್ಳರ್ಥ: ರಾಜನಿದ್ದಾನೆ, ಹಸಿವಿದೆ, ಅಜ್ಜಿಯಿದ್ದಾಳೆ. ಕಲ್ಲಿನ ಪಾಲಿಗೆ ಇರುವುದು ಪ್ರಯೋಗ ಒಂದೇ.

ವಾಟ್ಸ್‌ಆ್ಯಪಿನಲ್ಲಿ ದಿನಾ ಬೆಳಿಗ್ಗೆ ‘ಈ ಪದದ ನಿಜವಾದ ಅರ್ಥ ಗೊತ್ತೇ?’ ಎಂದು ಬರುವ ಸಂದೇಶಗಳನ್ನು ಈಗ ನಮ್ಮ ಮನೆಯಲ್ಲಿ ಯಾರೂ ಹಾಗೇ ಮುಂದಕ್ಕೆ ಕಳಿಸುವುದಿಲ್ಲ. ಮಾವ ಒಂದೇ ಮಾತು ಕೇಳುತ್ತಾರೆ: “ಪ್ರಯೋಗ ಎಲ್ಲೈತಪ್ಪಾ?” ಸುಳ್ಳರ್ಥ ಕಟ್ಟಿ ಕಟ್ಟಿ ಪಳಗಿದವರಿಗೆ ಸುಳ್ಳರ್ಥದ ಹೊಲಿಗೆ ಎಲ್ಲಿರುತ್ತದೆ ಎಂದು ಗೊತ್ತಾಗುತ್ತದೆ. ನಂಬಿಸುವುದು ಎಷ್ಟು ಸುಲಭ ಎಂದು ಸ್ವತಃ ನಂಬಿಸಿ ನೋಡಿದವರೇ ಬಲ್ಲರು. ಮಕ್ಕಳಿಗೆ ಇದನ್ನು ಕಲಿಸಲು ಇದಕ್ಕಿಂತ ಅಗ್ಗದ ಪಾಠ ನನಗೆ ಗೊತ್ತಿಲ್ಲ.

ಬೇಕಾದದ್ದು ನಾಲ್ಕು ಜನ, ಒಂದಿಷ್ಟು ಚೀಟಿ, ಒಂದು ನಿಘಂಟು. ಮನೆಯಲ್ಲಿ ದಪ್ಪ ಸಂಪುಟ ಇಲ್ಲದಿದ್ದರೆ ವಿ. ಕೃಷ್ಣ ಅವರು ಕಟ್ಟಿದ ‘ಅಲರ್’ ಅಂತರ್ಜಾಲ ನಿಘಂಟು ಖಜಾಂಚಿಯ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ಉಳಿದವರ ಫೋನುಗಳು ಆಟ ಮುಗಿಯುವವರೆಗೆ ಅಡುಗೆಮನೆಯ ಕಪಾಟಿನಲ್ಲಿರಲಿ. ಮೊದಲ ಪದ ನಾನೇ ಕೊಡುತ್ತೇನೆ: ‘ಕರುಮಾಡ’.

(ಅ) ಎಳೆಗರುಗಳನ್ನು ಕಟ್ಟುವ ಕೊಟ್ಟಿಗೆ.
(ಆ) ದೀಪದ ಮಸಿ ಹಿಡಿದು ಕಪ್ಪಾದ ಗೋಡೆಗೂಡು.
(ಇ) ಎತ್ತರದ ಉಪ್ಪರಿಗೆ ಮನೆ.
(ಈ) ಲೋಹ ಎರಕ ಹೊಯ್ಯುವವರ ಚಪ್ಪರ.

ಕೊಟ್ಟಿಗೆ ಎಂದವರು ನಮ್ಮ ಚಿಕ್ಕಮ್ಮನ ತಂಡಕ್ಕೆ ಸೇರಿದಿರಿ. ಸರಿಯುತ್ತರ: (ಇ).